ಜಾಣಮರಿ

ಊರವರ ತಲೆಯನ್ನೆಲ್ಲ ನೆಟ್ಟಗೆ ಮಾಡುವ ಹೆಂಗಸಿನ ಮಗಳ ತಲೆ ಮಾತ್ರ ಇಲಿ ಕಡಿದ ಹಾಗಿತ್ತು. ಪಾರ್ಲರಿಗೆ ಬರುವ ಗಿರಾಕಿಗಳಿಗೆ ಇದಕ್ಕಿಂತ ರುಚಿಯಾದ ವಿಷಯ ಬೇರೆ ಇರಲಿಲ್ಲ. "ಏನ್ರೀ, ಮಗಳ ಕೂದಲಿಗೆ ಬೇರೆ ಪಾರ್ಲರ್ ಹುಡುಕೋಣ್ವಾ?" ಎಂದು ಕನ್ನಡಿಯೊಳಗಿಂದಲೇ ಕೇಳುತ್ತಿದ್ದರು. ಅವಳೂ ಕನ್ನಡಿಯೊಳಗಿನ ಮುಖಕ್ಕೇ ಉತ್ತರ ಕೊಡುತ್ತಿದ್ದಳು: "ಅವಳ ತಲೆ ಒಂದು ಕಡೆ ನಿಂತ್ರೆ ತಾನೆ? ನಾನು ಕತ್ತರಿ ಎತ್ತೋಷ್ಟರಲ್ಲಿ ಕಿವಿ ಇದ್ದ ಜಾಗದಲ್ಲಿ ಮೂಗು ಬಂದಿರುತ್ತೆ."

ಬೀದಿಯಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಕೈಯಲ್ಲಿದ್ದ ಕತ್ತರಿಗೆ ಅರ್ಧ, ಬಾಯಲ್ಲಿದ್ದ ಕತ್ತರಿಗೆ ಅರ್ಧ. ನಾಲ್ಕು ವರ್ಷದ ಮಗಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬುಗುರಿ. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಅಪ್ಪನ ಹೆಗಲಿಗೆ. ಮಲಗಿದಾಗಲೂ ಒಂದು ಕಾಲು ಓಡುತ್ತಲೇ ಇರುತ್ತಿತ್ತು. ಮಧ್ಯಾಹ್ನದ ನಿದ್ದೆ ಎನ್ನುವುದು ಆ ಮಗುವಿನ ಜಾತಕದಲ್ಲೇ ಬರೆದಿರಲಿಲ್ಲ. ಅವಳನ್ನು ನೋಡಿಕೊಳ್ಳುತ್ತಿದ್ದ ಕತ್ತರಿಯ ಅತ್ತೆ, ಕಿರಿಯ ಮಗನ ಹೆಂಡತಿಗೆ ಬಾಣಂತನ ಮಾಡಬೇಕೆಂದು ಹೊರಟು ನಿಂತಾಗ ಆ ಮುದುಕಿಯ ಮುಖದಲ್ಲಿ ಒಂದು ಬಿಡುಗಡೆಯ ಕಳೆ ಇದ್ದದ್ದನ್ನು ಕತ್ತರಿ ನೋಡಿಯೂ ನೋಡದಂತಿದ್ದಳು.

ಆಗ ಕೈ ಹಿಡಿದವಳು ಕೆಳಗಿನ ಮನೆಯವಳು, ಗೊಂಬೆಯ ಅಮ್ಮ.

ಗೊಂಬೆ ಎಂದರೆ ಅವಳ ಮಗಳು, ಬುಗುರಿಯದೇ ವಯಸ್ಸು. ಕೂರಿಸಿದ ಕಡೆ ಕೂರುವ, ಮಲಗಿಸಿದ ಕಡೆ ಮಲಗುವ ಮಗು. ಆ ಕಟ್ಟಡದ ಅಮ್ಮಂದಿರೆಲ್ಲ ತಮ್ಮ ಮಕ್ಕಳಿಗೆ "ಗೊಂಬೆಯನ್ನ ನೋಡಿ ಕಲಿ" ಎಂದು ಹೇಳಿ ಹೇಳಿ, ಮಕ್ಕಳಿಗೆಲ್ಲ ಗೊಂಬೆಯ ಮೇಲೆ ಒಳಗೊಳಗೇ ಸಿಟ್ಟಿತ್ತು. ಗೊಂಬೆಯ ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ಬಂದಾಗ ಬಂದ, ಇಲ್ಲದಾಗ ಇಲ್ಲ. ಅಮ್ಮ ಮನೆಯಲ್ಲೇ ಕೂತು ಒಂದು ಕಂಪನಿಗೆ ಬರುವ ಫೋನುಗಳಿಗೆ ಉತ್ತರ ಕೊಡುತ್ತಿದ್ದಳು. ಬಟ್ಟೆ ಒಗೆಯುವ ಮಷೀನು ಕೆಟ್ಟವರು, ಫ್ರಿಜ್ಜು ಸೋರುವವರು, ಸುಮ್ಮನೆ ಬೈಯಬೇಕೆನಿಸಿದವರು, ಎಲ್ಲರೂ ಮಧ್ಯಾಹ್ನದಿಂದ ಅವಳ ಕಿವಿಗೇ ಬರುತ್ತಿದ್ದರು. "ಹೇಳಿ ಸರ್, ನಾನು ನಿಮಗೆ ಹೇಗೆ ಸಹಾಯ ಮಾಡಲಿ?" ಎಂದು ಜೇನಿನಂಥ ದನಿಯಲ್ಲಿ ಕೇಳುವುದು ಅವಳ ಅನ್ನ. ಹಿಂದೆ ಮಗು ಅತ್ತದ್ದೋ ಪಾತ್ರೆ ಬಿದ್ದದ್ದೋ ಕೇಳಿಸಿದರೆ ಕಂಪನಿಯ ಮೇಲಧಿಕಾರಿಗಳಿಂದ ಮಂಗಳಾರತಿ ಆಗುತ್ತಿತ್ತು.

"ಗೊಂಬೆ ಜೊತೆ ಇವಳೂ ಇರ್ತಾಳೆ ಬಿಡು. ಒಂದಕ್ಕೆ ಎರಡಾದ್ರೆ ನನಗೇನು ಭಾರ?" ಎಂದಳು ಅವಳು.

"ಇವಳು ಒಂದಲ್ಲ ಅಕ್ಕ, ನಾಲ್ಕು ಮಕ್ಕಳಿಗೆ ಸಮ. ಆಮೇಲೆ ನನ್ನ ಬೈಬೇಡಿ."

"ನಾನು ಪಳಗಿಸ್ತೀನಿ ನೋಡ್ತಿರು."

ಹಾಗೆ ಮಾತಾಯಿತು. ಪ್ರತಿಯಾಗಿ ತಾಯಿ ಮಗಳಿಬ್ಬರ ಕೂದಲಿನ ಕೆಲಸ ಬಿಟ್ಟಿಯಾಗಿ ಕತ್ತರಿಯ ಪಾಲಿಗೆ. ಪಾರ್ಲರಿಗೆ ರಜೆಯಿದ್ದ ದಿನ ಗೊಂಬೆ ಮೇಲಿನ ಮನೆಗೆ. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಗೊಂಬೆಯ ಅಮ್ಮ ಕತ್ತರಿಗೆ ಅಕ್ಕ, ಬುಗುರಿಗೆ ದೊಡ್ಡಮ್ಮ. ಒಡಹುಟ್ಟಿದವರಿಲ್ಲದ ಕತ್ತರಿಗೆ ಆ ಅಕ್ಕ ಎಂಬ ಮಾತು ಬಾಯಿ ತುಂಬ ಬರುತ್ತಿತ್ತು.

ಅಕ್ಕ ಹೇಳಿದಂತೆಯೇ ಪಳಗಿಸಿಬಿಟ್ಟಳು. ಕೆಲವು ವಾರಗಳಲ್ಲಿ ಬುಗುರಿ ನಿಧಾನವಾದಳು. ಸಂಜೆ ಕತ್ತರಿ ಹೋಗಿ ಬಾಗಿಲು ತಟ್ಟಿದರೆ, ಮೊದಲೆಲ್ಲ ಬಾಗಿಲು ತೆರೆಯುವ ಮುಂಚೆಯೇ ಕಾಲಿಗೆ ಬಂದು ಬೀಳುತ್ತಿದ್ದ ಮಗು ಈಗ ಚಾಪೆಯ ಮೇಲೆ ಕೂತು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಮೆಟ್ಟಿಲು ಹತ್ತುವಾಗ ಅಮ್ಮನ ಹೆಗಲಿಗೆ ಕೆನ್ನೆ ಒರಗಿಸುತ್ತಿತ್ತು. ಊಟಕ್ಕೆ ಕೂತರೆ ತುತ್ತು ಬಾಯಲ್ಲೇ ಇರುತ್ತಿತ್ತು. ಸುತ್ತುವ ಬುಗುರಿ ನಿಂತರೆ ಉರುಳುತ್ತದೆ ಎನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದೇನೆಂದರೆ, ಅಬ್ಬ, ಮಗು ಜಾಣೆಯಾಯಿತು! ಕತ್ತರಿ ಪಾರ್ಲರಿನಲ್ಲಿ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. "ನಮ್ಮಕ್ಕನ ಕೈಗುಣ," ಎನ್ನುತ್ತಿದ್ದಳು, ತಾನೇ ಆ ಅಕ್ಕನನ್ನು ಹೆತ್ತವಳ ಹಾಗೆ.

ಒಂದು ಹೊಸ ಅಭ್ಯಾಸವೂ ಬಂತು. ಮಲಗುವ ಹೊತ್ತಿಗೆ ಬುಗುರಿ ಅಮ್ಮನ ಸೆರಗು ಎಳೆದು, "ಅಮ್ಮಾ, ಜಾಣಮರಿ ಕೊಡು," ಎನ್ನತೊಡಗಿದಳು.

ಕತ್ತರಿ ಚಿಕ್ಕವಳಿದ್ದಾಗ ಅವಳ ಅಮ್ಮ ತಲೆ ಬಾಚಿ ಮುಗಿಸಿದ ಮೇಲೆ "ನನ್ನ ಜಾಣಮರಿ" ಎಂದು ನೆತ್ತಿಗೆ ಮುತ್ತಿಡುತ್ತಿದ್ದಳು. ತಾನೂ ಮಗಳಿಗೆ ಹಾಗೇ ಹೇಳುತ್ತಿದ್ದಳು. ಮಗು ಅದನ್ನೇ ಬಾಯಿ ಬಿಟ್ಟು ಕೇಳುತ್ತಿದೆ! ಅವಳು ಮಗಳನ್ನು ಬಾಚಿ ತಬ್ಬಿ, "ಬಾರೇ ನನ್ನ ಜಾಣಮರಿ," ಎಂದು ಮುತ್ತಿಟ್ಟಳು.

"ಹೀಗಲ್ಲ," ಎಂದಳು ಬುಗುರಿ.

ಇನ್ನೊಂದು ಮುತ್ತು ಇಟ್ಟಳು.

"ಹೀಗಲ್ಲಾ!" ಎಂದು ಮಗು ಕಾಲು ಬಡಿಯಿತು. ಗಂಡ ಹಾಸಿಗೆಯಿಂದಲೇ ನಕ್ಕು, "ನಿನ್ನ ಮುತ್ತಿಗೂ ಗಿರಾಕಿ ತಕರಾರು ನೋಡು," ಎಂದ. ಅವಳೂ ನಕ್ಕಳು. ದಿನವೂ ಮಗು ಕೇಳುವುದು, ದಿನವೂ ಇವಳು ಮುತ್ತಿಡುವುದು, ಅದು ಹೀಗಲ್ಲ ಎಂದು ಅತ್ತು ಮಲಗುವುದು, ಇದೊಂದು ಮನೆಯ ತಮಾಷೆಯೇ ಆಗಿಹೋಯಿತು.

ಒಂದು ಸಂಜೆ, ಗಿರಾಕಿಗಳ ಎದುರೇ ಮಗಳ ತಲೆ ನೆಟ್ಟಗೆ ಮಾಡಿ ತೋರಿಸಬೇಕೆಂದು ಅವಳನ್ನು ಕೆಳಗಿನ ಮನೆಯಿಂದ ನೇರ ಪಾರ್ಲರಿಗೆ ಎತ್ತಿಕೊಂಡು ಹೋದಳು. ಕುರ್ಚಿಯ ಎರಡೂ ಕೈಗಳ ಮೇಲೆ ಮಕ್ಕಳ ಹಲಗೆ ಅಡ್ಡ ಇಟ್ಟು ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿದಳು. ನೀರಿನ ಬಾಟಲಿಗೆ ಕಿರುಚಿ ಇಳಿದು ಓಡುತ್ತಿದ್ದ ಮಗು ಮಿಸುಕಲಿಲ್ಲ. ಕಿವಿಯ ಹಿಂದೆ, ಹಣೆಯ ಮೇಲೆ, ಎಲ್ಲಿ ಬೇಕೆಂದರಲ್ಲಿ ಕತ್ತರಿ ಆಡಿತು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಆದರೆ ಹಿಂದಿನ ಕೂದಲಿಗೆಂದು ಅವಳು ಮಗಳ ಗಲ್ಲವನ್ನು ಕೆಳಗೆ ಬಾಗಿಸಿ ಕೈ ತೆಗೆದಾಗ, ತಲೆ ಬಾಗಿದ್ದು ಬಾಗಿದಂತೆಯೇ ಉಳಿಯಿತು. ಕುರ್ಚಿಯಲ್ಲಿ ತೂಕಡಿಸುವ ಗಿರಾಕಿಗಳ ತಲೆ ಅವಳ ಕೈಗೆ ಹೊಸದಲ್ಲ. ಮಗಳ ತಲೆ ಹಾಗೆಯೇ ಭಾರವಾಗಿತ್ತು. ಅವಳ ಕೈ ಒಂದು ಕ್ಷಣ ತಡೆಯಿತು. "ಪಾಪ, ಆಡಿ ಸುಸ್ತಾಗಿದೆ," ಎಂದರು ಯಾರೋ. ಇರಬೇಕು ಎಂದುಕೊಂಡಳು.

ನಿಜ ತಿಳಿದದ್ದು ಆ ವಾರದ ರಜೆಯ ದಿನ, ಅದೂ ಮಕ್ಕಳ ಆಟದಿಂದ.

ಕತ್ತರಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ನಡುಮನೆಯಲ್ಲಿ ಇಬ್ಬರು ಮಕ್ಕಳೂ ಮನೆಯಾಟ ಆಡುತ್ತಿದ್ದರು. ಗೊಂಬೆ ತಲೆಗೊಂದು ಹೇರ್‌ಬ್ಯಾಂಡು ಏರಿಸಿ, ಅದರ ತುದಿಯನ್ನು ಕಿವಿಗೆ ಒತ್ತಿಕೊಂಡು, "ಹೇಳಿ ಸರ್, ಹೇಗೆ ಸಹಾಯ ಮಾಡಲಿ?" ಎನ್ನುತ್ತಿದ್ದಳು. ಅಮ್ಮನ ದನಿಯ ಹಾಗೆಯೇ! ಕತ್ತರಿ ನಗು ತಡೆಯಲಾರದೆ ಬಾಗಿಲಿಗೆ ಬಂದು ನಿಂತಳು. ಗೊಂಬೆ ಶಾಂಪೂ ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿಕೊಂಡು ಬಂದಳು. ಬಟ್ಟೆಯ ಕರಡಿಯ ಮೂಗು ಹಿಡಿದು, ಬಾಯಿಗೆ ಮುಚ್ಚಳ ಒತ್ತಿದಳು.

"ಜಾಣಮರಿ ಕುಡಿ. ಆ ಅನ್ನು. ಉಗಿಬಾರದು. ಈಗ ಮಲ್ಕೋ, ನಂಗೆ ಫೋನ್ ಬರುತ್ತೆ."

ಆಮೇಲೆ ಎರಡನೇ ಮುಚ್ಚಳ ತುಂಬಿದಳು. ಕರಡಿಯ ಪಕ್ಕದಲ್ಲಿ ಬುಗುರಿ ಮಂಡಿಯೂರಿ ಕೂತಿದ್ದಳು. ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ, ಬಾಯಿ ತೆರೆದು ಕಾಯುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಹಿಡಿದಿರಲಿಲ್ಲ.

ಕತ್ತರಿಯ ಕೈಯಲ್ಲಿದ್ದ ತಟ್ಟೆ ಒದ್ದೆಯಾಗಿಯೇ ಉಳಿಯಿತು.

"ಅದೇನು ಪುಟ್ಟಾ, ಜಾಣಮರಿ ಅಂದ್ರೆ?" ಎಂದು ಕೇಳಿದಳು, ದನಿ ಆದಷ್ಟು ಮೆತ್ತಗೆ ಮಾಡಿ.

"ಜಾಣಮರಿನೇ," ಎಂದಳು ಬುಗುರಿ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. "ಕೆಂಪಗಿರುತ್ತೆ. ಸಿಹಿ. ದೊಡ್ಡಮ್ಮ ಕೊಡ್ತಾರೆ. ನೀನು ಕೊಡೋದೇ ಇಲ್ಲ."

ಇಬ್ಬರನ್ನೂ ಕಂಕುಳಿಗೊಂದರಂತೆ ಎತ್ತಿಕೊಂಡು ಅವಳು ಮೆಟ್ಟಿಲಿಳಿದ ರೀತಿ ನೋಡಿದ್ದರೆ ಯಾರಾದರೂ ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಎಂದುಕೊಳ್ಳುತ್ತಿದ್ದರು. ಬಾಗಿಲು ತೆರೆದ ಗೊಂಬೆಯ ಅಮ್ಮ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಯಾರದೋ ಫ್ರಿಜ್ಜಿನ ಗೋಳು ಕೇಳುತ್ತಿದ್ದಳು. ತುಟಿಯ ಮೇಲೆ ಬೆರಳಿಟ್ಟು ಶ್ ಎಂದು ಸನ್ನೆ ಮಾಡಿ, ನಗುಮುಖದಲ್ಲೇ ಹೋಗಿ ಕೂತಳು. ಕತ್ತರಿಗೆ ಬಾಯಿ ತುಂಬ ಮಾತು, ಆಡುವಂತಿಲ್ಲ. ಮಕ್ಕಳನ್ನು ಇಳಿಸಿ ಅಡುಗೆಮನೆಗೆ ಹೋದಳು. ಹುಡುಕುವ ಕಷ್ಟವೇ ಇರಲಿಲ್ಲ. ಸಕ್ಕರೆ ಡಬ್ಬಿಯ ಪಕ್ಕದಲ್ಲಿ, ದಿನನಿತ್ಯದ ಸಾಮಾನಿನ ಹಾಗೆ, ನೆಗಡಿ ಔಷಧಿಯ ಬಾಟಲಿ. ಕುತ್ತಿಗೆಯ ಸುತ್ತ ಅಂಟು ಒಣಗಿ ಇರುವೆ ಹತ್ತಿತ್ತು. ಅದನ್ನು ತಂದು ಮೇಜಿನ ಮೇಲೆ ಅವಳ ಕಣ್ಣೆದುರು ಇಟ್ಟಳು.

"ಖಂಡಿತ ಸರ್, ನಿಮ್ಮ ತೊಂದರೆ ನನಗೆ ಅರ್ಥ ಆಗುತ್ತೆ," ಎನ್ನುತ್ತಿದ್ದ ಗೊಂಬೆಯ ಅಮ್ಮನ ದನಿ ಒಂದು ಗಳಿಗೆ ಎಡವಿತು. ಮತ್ತೆ ಸಿಹಿಯಾಯಿತು. ಆ ಮಾತು ಮುಗಿಯುವವರೆಗೂ ಕತ್ತರಿ ನಿಂತೇ ಇದ್ದಳು. ತನ್ನ ಮಗುವಿಗೆ ಔಷಧಿ ಹಾಕಿದವಳು ಊರಿನ ಯಾವನದೋ ಫ್ರಿಜ್ಜಿಗೆ ಮರುಗುವುದನ್ನು ಕೇಳುತ್ತಾ ನಿಲ್ಲುವುದಿದೆಯಲ್ಲ, ಆ ಸಂಕಟ ಶತ್ರುವಿಗೂ ಬೇಡ.

ಗೊಂಬೆಯ ಅಮ್ಮ ಹೆಡ್‌ಫೋನು ತೆಗೆದಳು. "ನೆಗಡಿ ಔಷಧಿ ಕಣೆ ಅದು. ವಿಷ ಅಲ್ಲ."

"ನನ್ನ ಮಗೂಗೆ ನೆಗಡಿ ಇತ್ತಾ?"

"ಗೊಂಬೆಗೆ ಒಂದ್ಸಲ ನೆಗಡಿ ಆಗಿತ್ತು. ಕೊಟ್ಟೆ, ಚೆನ್ನಾಗಿ ಮಲಗಿದ್ಲು. ಆವತ್ತು ಮೊದಲನೇ ಸಲ ಒಂದು ಮಧ್ಯಾಹ್ನ ಬೈಸ್ಕೊಳ್ದೆ ಕೆಲಸ ಮಾಡಿದೆ. ಆಮೇಲೆ..." ಅವಳು ಬಾಟಲಿಯನ್ನು ತನ್ನತ್ತ ಎಳೆದುಕೊಂಡಳು. "ನನ್ನ ಮಗಳಿಗೊಂದು ನಿನ್ನ ಮಗಳಿಗೊಂದು ಅಂತ ಯಾವತ್ತೂ ಭೇದ ಮಾಡಿಲ್ಲ ನಾನು. ಅವಳಿಗೆ ಯಾವ ಮುಚ್ಚಳಾನೋ ಇವಳಿಗೂ ಅದೇ ಮುಚ್ಚಳ."

ಅದನ್ನವಳು ಹೇಳಿದ್ದು ಎದೆ ಮುಟ್ಟಿಕೊಂಡು. ಕತ್ತರಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

"ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಆಡಿದವಳಿಗೂ ತಾನೇನು ಆಡಿದೆ ಎನ್ನುವುದು ಆಗಲೇ ಕಿವಿಗೆ ಬಿದ್ದಂತಿತ್ತು. ಅವಳು ಅವಸರದಲ್ಲಿ, "ಮಗು ಜಾಣೆ ಆಗಿದಾಳೆ ಅಂತ ನೀನೇ ಊರೆಲ್ಲ ಡಂಗುರ ಹೊಡ್ಕೊಂಡು ಬಂದ್ಯಲ್ಲ," ಎಂದಳು.

"ಥೂ," ಎಂದಳು ಕತ್ತರಿ. "ನಿನ್ನ ಅಕ್ಕ ಅಂದಿದ್ನಲ್ಲೇ."

ನೀವು ಹೋಗಿ ನೀನು ಬಂದದ್ದು ಇಬ್ಬರಿಗೂ ಕೇಳಿಸಿತು. ಫೋನು ಮತ್ತೆ ಹೊಡೆದುಕೊಂಡಿತು. ಬಾಟಲಿಯನ್ನು ಕಿತ್ತುಕೊಂಡು, ಬುಗುರಿಯನ್ನು ಎತ್ತಿಕೊಂಡು ಅವಳು ಹೊರಟಾಗ ಗೊಂಬೆ ಬಾಗಿಲ ಸಂದಿಯಲ್ಲಿ ಹೇರ್‌ಬ್ಯಾಂಡು ಹಾಕಿಕೊಂಡೇ ನಿಂತಿದ್ದಳು.

ಮಕ್ಕಳ ಡಾಕ್ಟರು ಬಾಟಲಿಯನ್ನು ತಿರುಗಿಸಿ ನೋಡಿದರು. ಬುಗುರಿಯ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಇದರಿಂದ ನಿದ್ದೆ ಬರೋದು ಉಪಕಾರ ಅಲ್ಲಮ್ಮ, ಉಪದ್ರವ. ಇಷ್ಟು ಚಿಕ್ಕವರಿಗೆ ಹೀಗೆ ಅಂದಾಜಿನ ಮೇಲೆ ಸುರೀತಾ ಹೋದ್ರೆ ಒಂದಿನ ಉಸಿರೇ ನಿಧಾನ ಆಗ್ಬಹುದು. ಪುಣ್ಯಕ್ಕೆ ಇವಳು ಚೆನ್ನಾಗಿದಾಳೆ. ಕೆಲವು ದಿನ ಹಟ ಮಾಡ್ತಾಳೆ, ತಡ್ಕೊಳ್ಳಿ." ಆಮೇಲೆ ಕೇಳಿದರು: "ಆ ಇನ್ನೊಂದು ಮಗು?"

"ಅದಕ್ಕೆ ಅದರ ಅಮ್ಮನೇ ಕೊಡೋದು ಡಾಕ್ಟ್ರೇ."

"ಅಮ್ಮ ಕೊಟ್ಳಾ ಬೇರೆಯವರು ಕೊಟ್ರಾ ಅಂತ ಮೈಗೆ ಗೊತ್ತಾಗುತ್ತಾ?"

ಆ ಮಾತು ಅವಳ ಬೆನ್ನು ಹತ್ತಿತು. ಮಗಳು ಮಡಿಲಲ್ಲಿದ್ದಾಳೆ, ಬಾಟಲಿ ಡಾಕ್ಟರ ಬಳಿ ಉಳಿದಿದೆ. ಆದರೆ ಬಾಟಲಿ ಎಂಬುದು ಪ್ರಪಂಚದಲ್ಲಿ ಒಂದೇ ಒಂದೇ? ದಾರಿಯಲ್ಲಿ ಎರಡು ಔಷಧಿ ಅಂಗಡಿ ಸಿಕ್ಕಿದವು, ಎರಡರಲ್ಲೂ ಅದೇ ಕೆಂಪು ಬಾಟಲಿ ಸಾಲಾಗಿ ಕೂತಿತ್ತು. ಗಂಡ ಬಣ್ಣದಂಗಡಿಯಲ್ಲಿ ಕೆಲಸಕ್ಕಿದ್ದವನು, ಸಾಧು ಮನುಷ್ಯ. ಯಾವುದಕ್ಕೂ ಹೋಗ್ಲಿ ಬಿಡು ಎನ್ನುವವನು. ಈಗಲೂ ಮೊದಲು ಬಿಳಿಚಿಕೊಂಡು, ಆಮೇಲೆ ಹಾಗೇ ಅಂದ: "ಹೋಗ್ಲಿ ಬಿಡು. ನಮ್ಮ ಮಗು ನಮ್ಮ ಹತ್ರ ಬಂತಲ್ಲ."

"ಬಂತು. ಗೊಂಬೆ ಎಲ್ಲಿಗೆ ಬರ್ಬೇಕು?"

ಅವಳು ಅಂದೇ ಮತ್ತೆ ಕೆಳಗಿಳಿದು ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಗೊಂಬೆಯ ಅಮ್ಮ ಬಾಗಿಲನ್ನು ಅರ್ಧವೇ ತೆರೆದು ಕೇಳಿ, "ನನ್ನ ಮಗಳ ವಿಷಯ ನಾನು ನೋಡ್ಕೋತೀನಿ," ಎಂದು ಮುಚ್ಚಿಕೊಂಡಳು.

ಮುಂದಿನ ದಿನಗಳಲ್ಲಿ ಬುಗುರಿ ಪಾರ್ಲರಿನಲ್ಲೇ ಹಗಲು ಕಳೆದಳು. ಕ್ಲಿಪ್ಪು ಚೆಲ್ಲಿದಳು, ಗಿರಾಕಿಗಳ ಚಪ್ಪಲಿ ಅದಲುಬದಲು ಮಾಡಿದಳು. ಪಾರ್ಲರಿನ ಒಡತಿ ಗೊಣಗಿದಳು. ಮಲಗುವ ಹೊತ್ತಿಗಂತೂ ಮಗು ನೆಲಕ್ಕೆ ಬಿದ್ದು ಹೊರಳಾಡಿ "ಜಾಣಮರಿ ಕೊಡು, ಜಾಣಮರಿ ಕೊಡು" ಎಂದು ಅಳುತ್ತಿತ್ತು. ಈಗ ಕತ್ತರಿಗೆ ಅರ್ಥ ಗೊತ್ತಿತ್ತು. ತಬ್ಬಿಕೊಳ್ಳುವಳು, ಬೆನ್ನು ಸವರುವಳು. ಆ ಮಾತು ಮಾತ್ರ ಬಾಯಿಗೆ ಬಾರದು. ತನ್ನ ಅಮ್ಮ ನೆತ್ತಿಯ ಮೇಲೆ ಇಟ್ಟುಹೋಗಿದ್ದ ಮಾತದು. ಅದನ್ನು ಒಂದು ಬಾಟಲಿಯ ಮುಚ್ಚಳಕ್ಕೆ ಸುರಿದುಬಿಟ್ಟರಲ್ಲ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಮುಂದಿನ ರಜೆಯ ದಿನ, ಏನಾದರಾಗಲಿ, ಗೊಂಬೆಯನ್ನೊಮ್ಮೆ ನೋಡಿ ಬರೋಣ ಎಂದು ಕೆಳಗೆ ಹೋದಳು. ಕೈ ಇನ್ನೂ ಕರೆಗಂಟೆಗೆ ಹೋಗಿರಲಿಲ್ಲ, ಬಾಗಿಲು ತಾನೇ ತೆರೆಯಿತು. ಗೊಂಬೆಯ ಅಮ್ಮ ನಿಂತಿದ್ದಳು. ಹೆಡ್‌ಫೋನು ಕುತ್ತಿಗೆಯಲ್ಲಿ ಜೋತಾಡುತ್ತಿತ್ತು, ಅದರೊಳಗಿಂದ ಯಾರೋ ಹಲೋ ಹಲೋ ಎಂದು ಕೂಗುತ್ತಿದ್ದರು. ಹೆಗಲ ಮೇಲೆ ಗೊಂಬೆ, ಕೂದಲೆಲ್ಲ ಒದ್ದೆ.

"ಎಬ್ಬಿಸಿದ್ರೆ ಏಳ್ಲಿಲ್ಲ," ಎಂದಳು. ಆ ದನಿಯಲ್ಲಿ ಜೇನಿನ ಸುಳಿವೇ ಇರಲಿಲ್ಲ. "ನೀರು ಹಾಕ್ದೆ. ಅಲ್ಲಾಡಿಸ್ದೆ. ಈಗ ಕಣ್ಣು ಬಿಟ್ಲು, ಮತ್ತೆ ಮುಚ್ತಾಳೆ. ನಿನ್ನ ಹತ್ರಾನೇ ಬರೋಣ ಅಂತ..."

"ನಡಿ," ಎಂದಳು ಕತ್ತರಿ.

ಡಾಕ್ಟರ ಬಳಿಗೆ ಓಡಿದರು. ಬುಗುರಿಯೂ ಜೊತೆಗೆ, ಚಪ್ಪಲಿ ಇಲ್ಲದೆ. ಕತ್ತರಿ ದಾರಿಯುದ್ದಕ್ಕೂ ಗೊಂಬೆಯ ಕೆನ್ನೆ ತಟ್ಟುತ್ತಾ, ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಎಚ್ಚರವಾಗಿಟ್ಟಳು. ಗೊಂಬೆಯನ್ನು ಸಂಜೆಯವರೆಗೂ ಅಲ್ಲೇ ಮಲಗಿಸಿ ನೋಡಿಕೊಂಡರು. ಅದು ಎದ್ದು ಕೂತು ನೀರು ಕೇಳಿದಾಗ ಅದರ ಅಮ್ಮ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಡಾಕ್ಟರು ಬೈಯಬೇಕಾದಷ್ಟು ಬೈದರು. ಹೊರಗೆ ಬಂದಮೇಲೆ ಕತ್ತರಿ ಇಷ್ಟೇ ಹೇಳಿದಳು: "ಮಧ್ಯಾಹ್ನ ಗೊಂಬೇನ ನಂಗೆ ಕೊಡು. ಪಾರ್ಲರ್‌ಗೆ ಕರ್ಕೊಂಡ್ ಹೋಗ್ತೀನಿ. ಇಲ್ಲಾಂದ್ರೆ ಅದರ ಅಪ್ಪನಿಗೆ ನಾನೇ ಫೋನ್ ಮಾಡ್ತೀನಿ."

ಮರುದಿನದಿಂದ ಗೊಂಬೆ ಬಂತು. ಹೊಸ್ತಿಲಲ್ಲಿ ಅಮ್ಮ ಮಗಳ ಕೈ ಬಿಡುವುದು, ಕತ್ತರಿ ಹಿಡಿದುಕೊಳ್ಳುವುದು. ಇಬ್ಬರೂ ಮುಖ ನೋಡುತ್ತಿರಲಿಲ್ಲ. ಕತ್ತರಿ ಕ್ಷಮಿಸಿದಳೇ ಎಂದು ಕೇಳಿದರೆ, ಇಲ್ಲ. ಆ ಮನೆಯಲ್ಲಿ ಮಗಳಿಗೆ ಒಂದು ಲೋಟ ನೀರನ್ನೂ ಕುಡಿಯಲು ಬಿಡುತ್ತಿರಲಿಲ್ಲ. ಒಡತಿಯ ಗೊಣಗಾಟ ಎರಡು ಪಟ್ಟಾಯಿತು. ಎರಡು ಮಕ್ಕಳನ್ನು ಕಾಲ ಬುಡದಲ್ಲಿ ಕಟ್ಟಿಕೊಂಡು ಕತ್ತರಿ ಹಿಡಿಯುವುದು ಹುಡುಗಾಟವಲ್ಲ. ಬುಗುರಿ ಮತ್ತೆ ಸುತ್ತತೊಡಗಿದ್ದಳು. ಗೊಂಬೆ ಮಾತ್ರ ಬೆಂಚಿನ ಮೇಲೆ ಕೂರಿಸಿದ ಹಾಗೇ ಕೂತಿರುತ್ತಿತ್ತು. ಈಗ ಔಷಧಿ ಇರಲಿಲ್ಲ. ಆದರೂ ಕೂತಿರುತ್ತಿತ್ತು.

ಗೊಂಬೆಯ ಮುಂಗೂದಲು ಕಣ್ಣಿಗೆ ಬೀಳುತ್ತಿದ್ದುದರಿಂದ ಒಂದು ಮಧ್ಯಾಹ್ನ ಅದನ್ನು ಹಲಗೆಯ ಮೇಲೆ ಕೂರಿಸಿದಳು. ಪಕ್ಕದ ಕುರ್ಚಿಯಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಅಜ್ಜಿ, ಒಳ್ಳೆಯ ಮನಸ್ಸಿನಿಂದಲೇ, "ಅಲ್ಲಾಡ್ಬೇಡ ಪುಟ್ಟಾ. ಜಾಣಮರಿ ಅಲ್ವಾ ನೀನು?" ಎಂದರು.

ಗೊಂಬೆ ಕಣ್ಣು ಮುಚ್ಚಿತು. ಕತ್ತು ಮೇಲೆತ್ತಿ ಬಾಯಿ ತೆರೆಯಿತು.

ಕನ್ನಡಿಯಲ್ಲಿ ಆ ಪುಟ್ಟ ಬಾಯಿ ಕಾಯುತ್ತಿತ್ತು. ಕತ್ತರಿಯ ಕೈ ಮೇಲೇ ನಿಂತಿತು. ಅಜ್ಜಿ ಏನೂ ಅರ್ಥವಾಗದೆ ನಕ್ಕರು. ಅಷ್ಟರಲ್ಲಿ ಬೆಂಚಿನಿಂದ ಬುಗುರಿ ದಬಕ್ಕನೆ ಧುಮುಕಿ ಬಂದು ಕುರ್ಚಿಯ ಕಾಲಿಗೆ ಒದ್ದಳು.

"ಬಾಯಿ ಮುಚ್ಚೇ! ಇಲ್ಲಿ ಕೊಡಲ್ಲ. ಇಲ್ಲಿ ಅಲ್ಲಾಡ್ಬಹುದು!"

ಗೊಂಬೆ ಕಣ್ಣು ಬಿಟ್ಟು ಕನ್ನಡಿಯಲ್ಲಿ ಕತ್ತರಿಯ ಮುಖ ನೋಡಿತು, ನಿಜವೇ ಎನ್ನುವಂತೆ.

"ಹೌದು ಕಂದಾ," ಎಂದಳು ಅವಳು. "ಅಲ್ಲಾಡು."

ಗೊಂಬೆ ಮೊದಲು ಒಂದು ಭುಜ ಅಲ್ಲಾಡಿಸಿ ನೋಡಿತು. ಯಾರೂ ಬೈಯಲಿಲ್ಲ. ಕತ್ತರಿ ಮುಂಗೂದಲನ್ನು ಬೆರಳ ಮಧ್ಯೆ ಹಿಡಿದು ಇನ್ನೇನು ಕತ್ತರಿಸಬೇಕು, ಆ ಮಗು ತಲೆಯನ್ನು ಒಮ್ಮೆ ಜೋರಾಗಿ ಕೊಡವಿತು. ಕಚಕ್ ಎಂದು ಸದ್ದಾಯಿತು. ಹಣೆಯ ಮೇಲೆ ಒಂದು ಕಡೆ ಹುಬ್ಬಿನವರೆಗೆ, ಇನ್ನೊಂದು ಕಡೆ ನೆತ್ತಿಯ ಹತ್ತಿರಕ್ಕೆ. ಬುಗುರಿಯ ತಲೆಯೊಂದನ್ನು ಬಿಟ್ಟರೆ ಅಷ್ಟು ಕೆಟ್ಟ ಕೆಲಸ ಅವಳ ಕೈಯಿಂದ ಹಿಂದೆಂದೂ ಆಗಿರಲಿಲ್ಲ. ಅವಳು ಅದನ್ನು ತಿದ್ದಲು ಹೋಗಲಿಲ್ಲ.

ಸಂಜೆ ಕೆಳಗಿನ ಮನೆಯ ಬಾಗಿಲು ತೆರೆಯಿತು. ಗೊಂಬೆಯ ಅಮ್ಮ ಮಗಳ ಹಣೆ ನೋಡಿದಳು. ಬೆರಳಿಂದ ಆ ಸೊಟ್ಟ ಕೂದಲನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಡಾಕ್ಟರ ಬಳಿಗೆ ಓಡಿದ ಆ ದಿನದ ನಂತರ ಅವಳು ಕತ್ತರಿಯ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಸುಮ್ನೆ ಕೂತ್ಕೊಳ್ಳಲಿಲ್ವಾ?"

"ಇಲ್ಲ," ಎಂದಳು ಕತ್ತರಿ. ಅಕ್ಕ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. "ಕೂತ್ಕೊಳ್ಳಲೇ ಇಲ್ಲ."

ಗೊಂಬೆಯ ಅಮ್ಮ ಮಗಳನ್ನು ಎತ್ತಿಕೊಂಡು ಆ ಸೊಟ್ಟ ಮುಂಗೂದಲಿನಲ್ಲಿ ಮುಖ ಹುದುಗಿಸಿ, ಬಾಗಿಲು ಮುಚ್ಚುವುದನ್ನೂ ಮರೆತು, ಬಿಕ್ಕಿ ಬಿಕ್ಕಿ ಅಳತೊಡಗಿದಳು.